ಸಸಿಮಡಿಗೆ ಬಿದ್ದ ಸೊಳ್ಳೆ ಮೊಟ್ಟೆ

ಹುಣಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಹನಗೋಡಿನ ಬಸ್ಸಿಗೆ ಕಾಯುತ್ತಾ ಅವ್ವನಿಗೆ ಮತ್ತೆ ಮತ್ತೆ ಫೋನ್ ಮಾಡುತ್ತಿದ್ದೆ. ಎತ್ತುತ್ತಿರಲಿಲ್ಲ. ಅವಳು ಹೊಲಕ್ಕೆ ಹೋದರೆ ಫೋನು ಮನೆಯಲ್ಲೇ ಇರುತ್ತದೆ, ಅದು ಗೊತ್ತು. ಆದರೂ ಕೈ ಸುಮ್ಮನಿರದು. ಕೂತರೆ ಏಳಬೇಕು, ಎದ್ದರೆ ಕೂರಬೇಕು. ಪಕ್ಕದಲ್ಲಿದ್ದ ಹೆಂಗಸು ನೋಡಿ ನೋಡಿ, "ಯಾರಿಗಾರ ಉಸಾರಿಲ್ವಾ?" ಎಂದು ಕೇಳಿದರು. ಸೊಳ್ಳೆಗಳು ಸತ್ತುಹೋದವು ಎಂದು ಹೇಳಲು ನಾಲಿಗೆ ಏಳಲಿಲ್ಲ.

ನಾನು ಮೈಸೂರಿನ ಒಂದು ಲ್ಯಾಬಿನಲ್ಲಿ ಸೊಳ್ಳೆ ಸಾಕುವವಳು. ಊರೆಲ್ಲ ಹೊಡೆದು ಸಾಯಿಸುವುದನ್ನು ಇವಳು ಸಾಕುತ್ತಾಳೆ ಎಂದು ನೆಂಟರು ನಗುತ್ತಾರೆ, ನಗಲಿ. ಸೊಳ್ಳೆಯ ಜೀನುಗಳ ನಡುವೆ ಒಂದಷ್ಟು ಪುಂಡ ತುಣುಕುಗಳಿರುತ್ತವೆ. ಇದ್ದ ಕಡೆ ಇರದೆ, ತಮ್ಮದೇ ನಕಲು ಮಾಡಿಕೊಂಡು ಎಲ್ಲೆಂದರಲ್ಲಿ ನುಗ್ಗಿ, ಅಲ್ಲಿದ್ದ ಒಳ್ಳೆಯ ಜೀನನ್ನೂ ಕೆಡಿಸುತ್ತವೆ. ಅವುಗಳ ಬಾಯಿ ಮುಚ್ಚಿಸಲು ಹೆಣ್ಣು ಸೊಳ್ಳೆಯ ಅಂಡಾಶಯದಲ್ಲಿ ಪುಟ್ಟ ಪುಟ್ಟ ಆರ್‌ಎನ್‌ಎಗಳಿವೆ. ಪುಂಡನ ಗುರುತು ಹಿಡಿದು, ಅವನು ಕಳಿಸುವ ಸಂದೇಶವನ್ನು ಕತ್ತರಿಸಿ ಹಾಕುವುದು ಅವುಗಳ ಕೆಲಸ. ಈ ಕಾವಲನ್ನು ಮೊಟ್ಟೆಯೊಳಗೆ ಇಟ್ಟು ಕಳಿಸುವವಳು ತಾಯಿ. ತಂದೆಯ ಕಡೆಯಿಂದ ಪುಂಡ ಬರಬಹುದು, ಕಾವಲು ಬರುವುದಿಲ್ಲ.

ನನ್ನ ಹತ್ತಿರ ಇದ್ದದ್ದು ಅವ್ವನ ಹಿತ್ತಲಿನಲ್ಲಿ ಹಿಡಿದ ಒಂದೇ ಒಂದು ಹೆಣ್ಣು ಸೊಳ್ಳೆಯ ಸಂತತಿ. ಲ್ಯಾಬಿನ ಬೇರೆ ಸೊಳ್ಳೆಗಳಲ್ಲಿ ಕುಣಿದಾಡುವ ಒಂದು ತುಣುಕು ಇವುಗಳಲ್ಲಿ ಮಾತ್ರ ತೆಪ್ಪಗಿತ್ತು. ಯಾಕೆ ತೆಪ್ಪಗಿದೆ ಎಂದು ಕಂಡುಹಿಡಿಯುವುದೇ ನನ್ನ ಸಂಶೋಧನೆ, ವರ್ಷಗಟ್ಟಲೆ ಬೇರೇನೂ ಮಾಡಿರಲಿಲ್ಲ. ಆ ಭಾನುವಾರ ಲ್ಯಾಬಿನ ಎ.ಸಿ. ಕೈಕೊಟ್ಟು, ಬೇಸಿಗೆಯ ಧಗೆಗೆ ಪಂಜರದಲ್ಲಿದ್ದವೆಲ್ಲ ಸತ್ತವು. ಉಳಿದದ್ದು, ಎಂದಾದರೂ ಬೇಕಾದೀತು ಎಂದು ಅವ್ವನ ಮನೆಯಲ್ಲಿ ಇಟ್ಟಿದ್ದ ಮೊಟ್ಟೆಗಳು. ಈ ಜಾತಿಯ ಮೊಟ್ಟೆ ಕಾಗದದ ಪಟ್ಟಿಗೆ ಅಂಟಿಕೊಂಡು, ನೀರಿಗೆ ಬೀಳುವ ತನಕ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಸೊಳ್ಳೆ ಮೊಟ್ಟೆ ಅಂದಿದ್ದರೆ ಅವ್ವ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. "ಲ್ಯಾಬಿಂದು, ಜೋಪಾನ" ಎಂದಷ್ಟೇ ಹೇಳಿ ಡಬ್ಬಿಯನ್ನು ನಡುಮನೆಯ ತಂಪಿನಲ್ಲಿ ಇಟ್ಟು ಬಂದಿದ್ದೆ.

ನಾನು ಹೋದಾಗ ಅವ್ವ ಹೊಲದಲ್ಲಿ ಹೊಗೆಸೊಪ್ಪಿನ ಸಸಿಮಡಿಯ ಮೇಲೆ ಹುಲ್ಲು ಹರಡುತ್ತಿದ್ದಳು. ಡಬ್ಬಿ ಎಲ್ಲಿ ಎಂದೆ.

"ನಿನ್ನೇನೇ ಉಯ್ದ್‌ಬುಟ್ಟೆ ಕಣ್ ಮಗ. ಮಡಿ ತುದೀಲಿ ವಸಿ ಜಾಗ ಉಳ್ದಿತ್ತು, ಸರ್ಯಾಗ್ ಆಯ್ತು," ಎಂದಳು ಖುಷಿಯಲ್ಲಿ.

ಹೊಗೆಸೊಪ್ಪಿನ ಬೀಜ ಧೂಳಿನಷ್ಟು ಸಣ್ಣದು, ಕೈಯಲ್ಲಿ ಎರಚಿದರೆ ಒಂದೇ ಕಡೆ ಬೀಳುತ್ತದೆ. ಅದಕ್ಕೇ ನಮ್ಮ ಕಡೆ ಅದನ್ನು ನೀರಿಗೆ ಬೆರೆಸಿ, ಜರಡಿಮೂತಿಯ ರೋಸ್‌ಕ್ಯಾನಿನಲ್ಲಿ ಮಡಿಯ ಮೇಲೆ ಹುಯ್ಯುತ್ತಾರೆ. ಕಾಗದದ ಮೇಲಿನ ಕಪ್ಪು ಚುಕ್ಕಿಗಳನ್ನು ಮಗಳು ಮೈಸೂರಿನಿಂದ ತಂದ ಹೊಸ ತಳಿ ಎಂದುಕೊಂಡು, ಪಟ್ಟಿಗಳನ್ನು ಕ್ಯಾನಿನಲ್ಲಿ ನೆನೆಸಿ, ಬೆರಳಲ್ಲಿ ಉಜ್ಜಿ ಬಿಡಿಸಿ, ಬಿತ್ತಿದ್ದಳು. ಸೊಳ್ಳೆ ಬಿತ್ತಿದ ಹೆಂಗಸು ಲೋಕದಲ್ಲಿ ಇನ್ನೊಬ್ಬಳು ಇರಲಾರಳು.

ನನಗೆ ಕೋಪ ನೆತ್ತಿಗೇರಿತು. "ಒಂದ್ ಮಾತ್ ಕೇಳ್ಬಾರ್ದಾಗಿತ್ತಾ? ನನ್ ಬದುಕ್ನೇ ಮಣ್ಣುಪಾಲ್ ಮಾಡ್ಬುಟ್ಟಲ್ಲವ್ವ!" ಎಂದು ಕೂಗಾಡಿದೆ. ಅದು ಏನೆಂದು ಹೇಳಿದ ಮೇಲೆ ಅವ್ವನ ಮುಖ ಸಣ್ಣದಾಯಿತು. ನಾನು ಮಡಿಯ ಸುತ್ತ ಸುಮ್ಮನೆ ಸುತ್ತಿದೆ. ಒದ್ದೆ ಮಣ್ಣಿನಲ್ಲಿ ಮರಿ ಬದುಕುವುದಿಲ್ಲ, ಸುತ್ತಿ ಏನೂ ಪ್ರಯೋಜನವಿಲ್ಲ ಎಂದು ನನಗೇ ಗೊತ್ತಿತ್ತು. ಅಷ್ಟರಲ್ಲಿ ಅವ್ವ ಬದುವಿನ ಮೇಲಿದ್ದ ಕ್ಯಾನನ್ನು ಎತ್ತಿ ತಂದಳು. ತಳದಲ್ಲಿ ಉಳಿದಿದ್ದ ನೀರಿನಲ್ಲಿ ಕೂದಲೆಳೆಯಂಥ ಒಂದಷ್ಟು ಮರಿಗಳು ಮಿಸುಕಾಡುತ್ತಿದ್ದವು.

"ಇವೇನಾ ನೋಡು," ಎಂದಳು.

ಇವೇ. ಬಾಟಲಿಗೆ ಹುಯ್ದುಕೊಂಡು, ಹೊರಡುವ ಮುಂಚೆ ತಾಯಿಯಿಂದಲೇ ಬರುವ ಕಾವಲಿನ ವಿಷಯ ಹೇಳಿದೆ. "ಒಂದಾದ್ರೂ ಹೆಣ್ಣಾಗ್ಬೇಕು ಕಣವ್ವ. ಬರೀ ಗಂಡಾದ್ರೆ ಇಲ್ಲಿಗೆ ಮುಗೀತು." ಅವ್ವ ಅಲ್ಲೇ ನಿಂತು ಮಾರಮ್ಮನಿಗೆ ಹರಕೆ ಹೊತ್ತಳು. ಸೊಳ್ಳೆ ಹೆಸರಿನಲ್ಲಿ ಹರಕೆ!

ಆಮೇಲಿನ ದಿನಗಳಲ್ಲಿ ಉಂಡದ್ದು ಮೈಗೆ ಹತ್ತಲಿಲ್ಲ. ಟ್ರೇ ನೋಡುವುದು, ಹೊರಗೆ ಬರುವುದು, ಮತ್ತೆ ಒಳಗೆ ಹೋಗುವುದು. ಬೆಳಗಾದರೆ ಅವ್ವನ ಫೋನು: "ಏನಾಯ್ತು? ಎಣ್ಣಾ?" ಮರಿಗಳು ಬೆಳೆದು ಕೋಶಗಳಾದವು. ಮೊದಲು ಹಾರಿದ್ದು ಗಂಡು. ಗಂಡು ಸೊಳ್ಳೆಯ ಮೀಸೆ ಗರಿಯಂತೆ ಪೊದೆಯಾಗಿರುತ್ತದೆ, ನೋಡಿದರೇ ಗೊತ್ತಾಗುತ್ತದೆ. ಗಂಡು ಮುಂಚೆ ಬರುವುದು ವಾಡಿಕೆ, ಹೆಣ್ಣು ಹಿಂದೆಯೇ ಬರುತ್ತದೆ ಎಂದು ಅವಳಿಗೂ ಹೇಳಿದೆ, ನನಗೂ ಹೇಳಿಕೊಂಡೆ. ಮರುದಿನವೂ ಗಂಡು. ಕೊನೆಯ ಕೋಶ ಸ್ವಲ್ಪ ದಪ್ಪಗೆ ಕಂಡಿತ್ತು. ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಸಿಪ್ಪೆ ಬಿರಿದು, ಕಾಲು ಬಿಡಿಸಿಕೊಂಡು ನೀರಿನ ಮೇಲೆ ಎದ್ದು ನಿಂತಿತು. ಪೊದೆ ಮೀಸೆ.

"ಎಲ್ಲಾ ಗಂಡೇ ಕಣವ್ವ," ಎಂದೆ ಫೋನಿನಲ್ಲಿ.

ಆ ಕಡೆಯಿಂದ ಅವ್ವ ಅಳುತ್ತಿರುವುದು ಕೇಳಿಸಿತು. ನಾವು ಮೂವರೂ ಹೆಣ್ಣುಮಕ್ಕಳೇ. ಪ್ರತಿ ಹೆರಿಗೆಯಲ್ಲೂ ಅಜ್ಜಿ "ಇದೂ ಎಣ್ಣಾ?" ಎಂದು ಮುಖ ತಿರುಗಿಸಿದಾಗ ಒಂದು ಹನಿ ಕಣ್ಣೀರು ಹಾಕದವಳು ನಮ್ಮವ್ವ.

"ಒಂದೂ ಎಣ್ಣಾಗ್ನಿಲ್ವಲ್ಲ ಮಗ," ಎಂದು ಬಿಕ್ಕಿದಳು.