ಕುಡಿಯದವನಿಗೆ ಹೊದಿಸಿದ ಶಾಲು

ರಾಣೆಬೆನ್ನೂರಿನ ಕುಡಿತ ಬಿಡಿಸುವ ಟ್ರಸ್ಟೊಂದರ ಆಪ್ತ ಸಮಾಲೋಚನಾ ಕೊಠಡಿಯಲ್ಲಿ ಸಮಾಲೋಚನೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಇತ್ತು. ಮೆತ್ತನೆಯ ಸೋಫಾ ಇತ್ತು, ಅದರ ಮೇಲೆ ಇನ್ನೂ ತೆಗೆಯದ ಪ್ಲಾಸ್ಟಿಕ್ ಹಾಳೆ ಇತ್ತು. ಅಳುವವರಿಗೆಂದು ಇಟ್ಟ ಕಾಗದದ ಕರವಸ್ತ್ರದ ಡಬ್ಬಿಯನ್ನು ಅಧ್ಯಕ್ಷರು ಊಟವಾದ ಮೇಲೆ ಬಾಯೊರೆಸಿಕೊಳ್ಳಲು ಬಳಸುತ್ತಿದ್ದರು. ಗೋಡೆಯ ಮೇಲೆ 'ಮನಸ್ಸು ಬಿಚ್ಚಿ ಮಾತಾಡಿ' ಎಂಬ ಬೋರ್ಡು. ಬಾಗಿಲು ನೇರ ಬೀದಿಗೆ. ಒಳಗೆ ಕಾಲಿಟ್ಟವರಿಗೆ ತಲೆ ಕೆಟ್ಟಿದೆ ಎಂದು ಎದುರಿನ ಚಹಾದಂಗಡಿಯ ಮಂದಿ ಅಲ್ಲೇ ತೀರ್ಪು ಕೊಟ್ಟುಬಿಡುತ್ತಿದ್ದರು. ಇಷ್ಟೆಲ್ಲ ಮಾಡಿಟ್ಟರೂ ಜನ ಯಾಕೆ ಬರುವುದಿಲ್ಲ ಎಂದು ಅಧ್ಯಕ್ಷ ಅಂದಾನೆಪ್ಪನವರು ಪ್ರತಿ ಸಭೆಯಲ್ಲೂ ಕೇಳುತ್ತಿದ್ದರು. "ಜನರಿಗೆ ತಿಳಿವಳಿಕಿ ಇಲ್ರಿ" ಎಂದು ಉತ್ತರವನ್ನೂ ತಾವೇ ಕೊಡುತ್ತಿದ್ದರು.

ಅಲ್ಲಿ ಸಮಾಲೋಚಕಿಯಾಗಿದ್ದ ಸುರೇಖಾಳಿಗೆ ಈ ಮನುಷ್ಯನನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಅಂದಾನೆಪ್ಪನವರದು ಊರಲ್ಲಿ ದೊಡ್ಡ ಜವಳಿ ಅಂಗಡಿ. ಅಲ್ಲಿ ಯಾರೂ ಕೊಳ್ಳದೆ ಉಳಿದ ಶಾಲುಗಳು ಟ್ರಸ್ಟಿನ ಸಭೆಗಳಲ್ಲಿ ಯಾರ್‍ಯಾರದೋ ಹೆಗಲೇರುತ್ತಿದ್ದವು. ಸಮಾಜಸೇವೆಯೂ ಆಯಿತು, ಗೋದಾಮೂ ಖಾಲಿಯಾಯಿತು.

ಸುರೇಖಾ ಗುತ್ತಲದ ಕಿರಾಣಿ ಅಂಗಡಿಯವರ ಮಗಳು. ಧಾರವಾಡದಲ್ಲಿ ಓದಿ, ಕುಡಿತ ಬಿಡಿಸುವ ಕೆಲಸಕ್ಕೆ ಸೇರುತ್ತೇನೆ ಎಂದಾಗ ಅವಳವ್ವ ಗಲ್ಲಕ್ಕೆ ಕೈ ಹಚ್ಚಿ ಕೂತಿದ್ದಳು. "ಬರೇ ಮಾತಾಡೂದಕ್ಕ ಪಗಾರ ಕೊಡ್ತಾರೇನ? ಹಂಗಿದ್ರ ನಮ್ಮ ಓಣ್ಯಾಗ ಎಲ್ಲಾರೂ ಸಾವಕಾರ ಆಗಬೇಕಿತ್ತಲ್ಲ!" ಮೊದಲ ವರ್ಷ ಸುರೇಖಾ ಮಾಡಿದ್ದೂ ಬರೇ ಮಾತೇ. ಐರಣಿಯ ಮದ್ಯವರ್ಜನ ಶಿಬಿರದಲ್ಲಿ ಕೊಳೆತ ಲಿವರಿನ ಚಿತ್ರ ತೂಗುಹಾಕಿ ಭಾಷಣ ಹೊಡೆದಿದ್ದಳು. ಮುಂದೆ ಕೂತಿದ್ದ ಒಬ್ಬ ಕೈಯೆತ್ತಿ, "ಮ್ಯಾಡಮ್ಮಾರ, ಇದನ್ನ ನೋಡಿದ್ರ ಚಿಂತಿ ಹತ್ತಿ ಇನ್ನೊಂದು ಸಾರಾಯಿ ಪಾಕೀಟು ಬೇಕನಸಾಕತ್ತೈತ್ರಿ" ಎಂದಿದ್ದ. ಇಡೀ ಶಿಬಿರದಲ್ಲಿ ನಿಜ ಹೇಳಿದವನು ಅವನೊಬ್ಬನೇ. ಅಂದಿನಿಂದ ಅವಳು ಆ ಚಿತ್ರವನ್ನು ಮತ್ತೆಲ್ಲೂ ತೂಗುಹಾಕಲಿಲ್ಲ. ಉಪದೇಶ ಮಾಡುವವರ ಮೇಲೆ, ತನ್ನನ್ನೂ ಸೇರಿಸಿ, ಅವಳಿಗೆ ಹುಟ್ಟಿದ ತಾತ್ಸಾರವೂ ಅಂದಿನದೇ.

ಬ್ಯಾಡಗಿಯ ಮೆಣಸಿನಕಾಯಿ ಗೋದಾಮು ಅವಳಿಗೆ ಸಿಕ್ಕಿದ್ದು ಆಮೇಲೆ. ಅಲ್ಲಿ ಹೆಂಗಸರು ಸಾಲಾಗಿ ಕೂತು ಕಾಯಿಯ ತೊಟ್ಟು ಮುರಿಯುತ್ತಾರೆ. ಬ್ಯಾಡಗಿ ಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು ನಿಜ, ಆದರೂ ಮುಚ್ಚಿದ ಗೋದಾಮಿನಲ್ಲಿ ಅದರ ಧೂಳೆದ್ದರೆ ಯಾರ ಕಣ್ಣೂ ಒಣಗಿರುವುದಿಲ್ಲ. ಎಲ್ಲರೂ ಕೆಮ್ಮುತ್ತಾರೆ, ಎಲ್ಲರೂ ಸೆರಗಿನಿಂದ ಕಣ್ಣೊರೆಸುತ್ತಾರೆ, ಹೀಗಾಗಿ ಯಾರು ಘಾಟಿಗೆ ಅಳುತ್ತಿದ್ದಾರೆ, ಯಾರು ಮನೆಯ ಸಂಕಟಕ್ಕೆ ಅಳುತ್ತಿದ್ದಾರೆ ಎಂದು ಯಾರೂ ಕೇಳುವುದಿಲ್ಲ. ಸೋಫಾ ಹಾಕಿದವರಿಗೆ ಇದು ಹೊಳೆದಿರಲಿಲ್ಲ. ಹೊಳೆಯುವ ಸಾಧ್ಯತೆಯೂ ಇರಲಿಲ್ಲ, ಅವರು ಗೋದಾಮಿನ ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ತಿರುಗಿ ಹೋಗುವ ಪೈಕಿ. ಅಲ್ಲಿನ ಹಿರಿಯ ಹೆಂಗಸು ಕುಲ್ಸುಮಬಿ ಒಂದು ಖಾಲಿ ಚೀಲ ಹಾಸಿ, "ಕೈಯಾಗ ಕೆಲಸ ಇದ್ರ ಬಾಯಿ ತಾನ ಬಿಡ್ತೈತಿ, ಕುಂದ್ರ ತಂಗಿ" ಎಂದು ಸುರೇಖಾಳನ್ನು ಕೂರಿಸಿಕೊಂಡಿದ್ದಳು.

ಅಂದಿನಿಂದ ವಾರಕ್ಕೊಮ್ಮೆ ಸುರೇಖಾ ಅಲ್ಲಿ ಬಂದು ತೊಟ್ಟು ಮುರಿಯುತ್ತಿದ್ದಳು. ಉಗುರಿನ ಸಂದಿಯಲ್ಲಿ ಉರಿ ಹತ್ತಿ ರಾತ್ರಿ ಅನ್ನ ಕಲಸಲಾಗುತ್ತಿರಲಿಲ್ಲ. ಅಲ್ಲಿ ಅವಳು ಯಾರಿಗೂ ಏನನ್ನೂ ಬಿಡು ಎನ್ನುತ್ತಿರಲಿಲ್ಲ. ತಂಬಾಕಿಗೆ ಕೈ ಹೋಗುವವಳಿಗೂ ಸಂಕಟ ತಾಳಲಾರದವಳಿಗೂ ಮುಂದಿರುವ ರಾಶಿ ತೋರಿಸಿ, "ಈ ಗುಂಪಿ ಮುಗಿಯೂತನಕ ತಡೀತಿ?" ಎಂದಷ್ಟೇ ಕೇಳುತ್ತಿದ್ದಳು. ಅದು ಮುಗಿದರೆ ಮುಂದಿನ ರಾಶಿ. ಜೀವನಪೂರ್ತಿಯ ಮಾತೆಲ್ಲ ವೇದಿಕೆಯ ಮೇಲಿನವರಿಗೆ ಇರಲಿ ಎಂದು ಬಿಟ್ಟಿದ್ದಳು.

ಒಂದು ದಿನ ಪಕ್ಕಕ್ಕೆ ಬಂದು ಕೂತ ಹೊಳಿಯವ್ವ ಎಂಬ ಹೆಂಗಸು, "ಅಕ್ಕಾರ, ನಮ್ಮ ಮನ್ಯಾಗ ಕುಡಿಯೂದು ಐತ್ರಿ" ಎಂದಳು.

"ಎಷ್ಟು ವರ್ಷ ಆತು ನಿನ್ನ ಗಂಡ ಕುಡ್ಯಾಕ ಹತ್ತಿ?" ಎಂದು ಸುರೇಖಾ ಕೇಳಿದಳು.

ಹೊಳಿಯವ್ವ ತೊಟ್ಟು ಮುರಿಯುತ್ತಲೇ ಇದ್ದಳು. ಕೈಯಲ್ಲಿದ್ದ ಕಾಯಿಯನ್ನು ರಾಶಿಗೆ ಹಾಕಿ, "ಅವ್ರಲ್ರಿ" ಎಂದಳು.

ಇಷ್ಟು ವರ್ಷ ಇದೇ ಕೆಲಸ ಮಾಡಿಯೂ ಆ ಪ್ರಶ್ನೆ ತನ್ನ ಬಾಯಿಂದ ಬಂತಲ್ಲ ಎಂದು ಸುರೇಖಾಳಿಗೆ ತನ್ನ ಮೇಲೇ ಹೇಸಿಕೆಯಾಯಿತು. ಅಂದಾನೆಪ್ಪನಿಗೂ ತನಗೂ ಏನು ಫರಕು?

ಹೊಳಿಯವ್ವನ ಗಂಡ ಡಾಕಪ್ಪ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲ. ಮದುವೆಯಾಗಿ ಬಹಳ ದಿನಕ್ಕೆ ನಿಂತ ಬಸಿರು ಇಳಿದುಹೋದಾಗ ಹೊಳಿಯವ್ವ ಹಗಲೂ ರಾತ್ರಿ ಕಣ್ಣು ಮುಚ್ಚದೆ ಗೋಡೆ ನೋಡುತ್ತಾ ಕೂತುಬಿಟ್ಟಳು. ಒಂದಿಷ್ಟು ನಿದ್ದೆಯಾದರೂ ಬರಲಿ ಎಂದು ಮೊದಲ ಪಾಕೀಟು ತಂದುಕೊಟ್ಟವನು ಡಾಕಪ್ಪನೇ. ನಿದ್ದೆ ಬಂತು. ಆಮೇಲೆ ಅದಿಲ್ಲದೆ ನಿದ್ದೆ ಬರದಾಯಿತು, ಆಮೇಲೆ ಅದಿಲ್ಲದೆ ಕೈ ನಿಲ್ಲದಾಯಿತು. ಹೆಂಡತಿ ಸಾರಾಯಿ ಅಂಗಡಿಯ ಮುಂದೆ ನಿಲ್ಲುವುದು ಬೇಡವೆಂದು ಪ್ರತಿ ಸಂಜೆ ತಾನೇ ಹೋಗಿ ನಿಲ್ಲುತ್ತಿದ್ದ. ಹೆಗಲ ವಸ್ತ್ರದಲ್ಲಿ ಪಾಕೀಟು ಸುತ್ತಿಕೊಂಡು ತಲೆ ತಗ್ಗಿಸಿ ಮನೆಗೆ ಬರುತ್ತಿದ್ದ. ಊರು ಅವನಿಗೆ ಕುಡುಕ ಡಾಕ್ಯಾ ಎಂದು ಹೆಸರಿಟ್ಟಿತು. ಅವನ ಬಾಯಿ ಎಂದೂ ನಾರಲಿಲ್ಲ, ಕಾಲು ಎಂದೂ ತಪ್ಪಲಿಲ್ಲ. ಅದಕ್ಕೂ ಓಣಿಯ ಬುದ್ಧಿವಂತರ ಹತ್ತಿರ ಉತ್ತರವಿತ್ತು: "ಎಷ್ಟ ಕುಡುದ್ರೂ ತೂರಾಡೂದಿಲ್ಲ ನೋಡ, ಗಟ್ಟಿ ಜೀವ!"

ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯವೆಂದು ಸುರೇಖಾ ಹೊಳಿಯವ್ವನನ್ನು ಹಾವೇರಿಯ ಡಾಕ್ಟರ ಹತ್ತಿರ ಕರೆದೊಯ್ದಳು. ಮಾತ್ರೆ, ಜ್ವರ, ನಡುಕ, ಬೈಗುಳ ಎಲ್ಲ ಆಯಿತು. ನಡುವೆ ಒಮ್ಮೆ ಜಾರಿದಳು, ಮತ್ತೆ ಎದ್ದಳು. ರಾಶಿಯ ಮೇಲೆ ರಾಶಿ ಮುಗಿಸುತ್ತಾ ಹಳೆಯ ಸುಗ್ಗಿ ಕಳೆದು ಹೊಸ ಕಾಯಿ ಮಾರುಕಟ್ಟೆಗೆ ಬರುವ ಹೊತ್ತಿಗೆ ಅವಳು ಪಾಕೀಟಿಲ್ಲದೆ ನಿದ್ದೆ ಮಾಡುತ್ತಿದ್ದಳು. ಇದು ಗೊತ್ತಿದ್ದದ್ದು ಸುರೇಖಾಳಿಗೆ, ಡಾಕ್ಟರಿಗೆ ಮತ್ತು ಡಾಕಪ್ಪನಿಗೆ. ಕೇಳಿದ್ದನ್ನು ಹೊರಗೆ ಆಡದಿರುವುದೇ ಸುರೇಖಾಳ ಕಸುಬಿನ ಮೊದಲ ನೇಮ.

ಆದರೆ ಡಾಕಪ್ಪ ಸಾರಾಯಿ ಅಂಗಡಿಗೆ ಹೋಗುವುದು ನಿಂತದ್ದು ಊರಿಗೆ ಕಾಣದೇ ಇದ್ದೀತೇ? ಡಾಕ್ಯಾ ಕುಡಿಯೂದು ಬಿಟ್ಟಾನಂತ ಎಂಬ ಸುದ್ದಿ ಬ್ಯಾಡಗಿಯಿಂದ ರಾಣೆಬೆನ್ನೂರಿನ ಜವಳಿ ಅಂಗಡಿಗೆ ಮುಟ್ಟಿತು. ಅಂದಾನೆಪ್ಪನವರು ಹಿಗ್ಗಿ ಹೋದರು. ಟ್ರಸ್ಟಿನ ವಾರ್ಷಿಕೋತ್ಸವ ಹಾವೇರಿಯ ಕಲ್ಯಾಣ ಮಂಟಪದಲ್ಲಿ ಗೊತ್ತಾಗಿತ್ತು, ತೋರಿಸಲು ಒಬ್ಬನಾದರೂ ಬೇಕಾಗಿತ್ತು.

"ಬ್ಯಾಡ್ರಿ ಸರ್. ಇಂಥಾವ್ರನ್ನ ವೇದಿಕಿ ಹತ್ತಿಸಬಾರದು" ಎಂದಳು ಸುರೇಖಾ.

"ನೀವು ಸುಮ್ಮನಿರ್ರಿ ಮೇಡಂ. ಸಮಾಜಕ್ಕ ಒಂದು ಮಾದರಿ ಬೇಕು. ಜೋಡಿ ಸಮೇತ ಬರಾಕ ಹೇಳ್ರಿ."

ಅವಳು ಡಾಕಪ್ಪನ ಹತ್ತಿರ ಓಡಿದಳು, ಒಲ್ಲೆ ಎಂದುಬಿಡು ಎಂದಳು. ಡಾಕಪ್ಪ ಚೀಲದ ಧೂಳು ಕೊಡವುತ್ತಾ, "ನಾ ಕುಡದಾವಲ್ಲ ಅಂದ್ರ, ಮತ್ತ್ಯಾರು ಕುಡೀತಿದ್ರು ಅಂತ ಹುಡುಕ್ತಾರ್ರಿ ಅಕ್ಕಾರ. ನನ್ನ ಹೆಸರು ಹ್ಯಾಂಗೂ ಕೆಟ್ಟೈತಿ, ಇರ್ಲಿ ಬಿಡ್ರಿ. ಆಕಿದು ಉಳೀಲಿ" ಎಂದ.

ಕಾರ್ಯಕ್ರಮ ಇಂಥ ಎಲ್ಲ ಕಾರ್ಯಕ್ರಮಗಳ ಹಾಗೆಯೇ ಇತ್ತು. ಅತಿಥಿಗಳು ತಡವಾಗಿ ಬಂದರು, ದೀಪ ಹತ್ತಲಿಲ್ಲ, ಸ್ವಾಗತ ಮಾಡಿದವನಿಗೇ ಸ್ವಾಗತವಾಯಿತು. ಕುಡಿತದ ಕೆಡುಕಿನ ಬಗ್ಗೆ ಮಾತಾಡಿದವರಲ್ಲಿ ಇಬ್ಬರಾದರೂ ಸಂಜೆಯ ಏರ್ಪಾಡು ಮಾಡಿಕೊಂಡೇ ಬಂದಿದ್ದು ಸುರೇಖಾಳಿಗೆ ಗೊತ್ತಿತ್ತು. ಆಮೇಲೆ ಡಾಕಪ್ಪನನ್ನು ಕರೆದರು. ಮಾಸಿದ ಅಂಗಿಯ ಮೇಲೆ ಜರಿಯಂಚಿನ ಶಾಲು ಬಿತ್ತು, ತಲೆಗೆ ಪೇಟ ಬಂತು. ಅಂದಾನೆಪ್ಪನವರು ಅವನ ಭುಜದ ಮೇಲೆ ಕೈಯಿಟ್ಟು ಫೋಟೋಕ್ಕೆ ನಿಂತರು.

"ಡಾಕಪ್ಪ, ಕುಡದು ಬಂದು ಹೆಂಡ್ತೀನ ಎಷ್ಟು ಬಡೀತಿದ್ದಿ? ನಾಲ್ಕು ಮಂದಿ ಮುಂದ ಹೇಳು, ಉಳಿದಾವ್ರಿಗೆ ಬುದ್ಧಿ ಬರ್ಲಿ."

"ಒಂದಿನಾನೂ ಹೊಡದಿಲ್ರಿ."

ಸಭೆಯಲ್ಲಿ ನಗೆಯೆದ್ದಿತು. ಹೊಡೆಯದ ಕುಡುಕನನ್ನು ಅವರು ಕಂಡಿರಲಿಲ್ಲ. ಕಂಡಿದ್ದರೂ ಅಂಥವನಿಗೆ ಚಪ್ಪಾಳೆ ಹೊಡೆಯಲು ಮನಸ್ಸಿರಲಿಲ್ಲ. ಅಂದಾನೆಪ್ಪನವರೂ ನಕ್ಕರು. "ನಾಚಿಕಿ ಪಡಾಕತ್ತಾನ. ಇರ್ಲಿ. ಹೊಳಿಯವ್ವಾರ, ಮ್ಯಾಲ ಬರ್ರಿ. ಎಲ್ಲಾರ ಮುಂದ ಹೆಂಡ್ತಿ ಕಾಲ ಹಿಡದು ತಪ್ಪಾತು ಅನ್ನಪಾ. ಕ್ಯಾಮೆರಾದವ್ರು ಮುಂದ ಬರ್ರಿ."

ಸುರೇಖಾ ಎದ್ದು ನಿಂತಳು. ಅಷ್ಟರಲ್ಲಿ ಯಾರೋ ಹೊಳಿಯವ್ವನ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿದ್ದರು. ಡಾಕಪ್ಪ ಹಿಂದುಮುಂದು ನೋಡಲಿಲ್ಲ. ಮೂಟೆಗೆ ಬಾಗುವ ಹಾಗೆ ಬಾಗಿ ಹೆಂಡತಿಯ ಪಾದದ ಕಡೆ ಕೈ ಚಾಚಿದ. ಪೇಟ ಉರುಳಿ ಬಿತ್ತು.

ಹೊಳಿಯವ್ವ ಅವನ ಎರಡೂ ಭುಜ ಹಿಡಿದು ನಿಲ್ಲಿಸಿದಳು. ಮೈಕು ಬಾಯಿಯ ಮುಂದೆಯೇ ಇತ್ತು.

"ಏಳ್ರಿ ಮ್ಯಾಲ. ಇವ್ರು ಹುಟ್ಟಿದಾಗಿಂದ ಒಂದ ಹನಿ ಮುಟ್ಟಿದಾವ್ರಲ್ರಿ. ಕುಡೀತಿದ್ದಾಕಿ ನಾನು. ಬಿಟ್ಟಾಕೀನೂ ನಾನ."

ಹಿಂದಿನ ಸಾಲಿನಲ್ಲಿ ಒಬ್ಬ ಸಿಳ್ಳೆ ಹೊಡೆದ. ಮುಂದಿನ ಸಾಲಿನ ರೇಷ್ಮೆ ಸೀರೆಯ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿದರು, ವಾಸನೆ ಈಗ ಬಂತೋ ಎಂಬಂತೆ. ಗಂಡಸು ಬಿಟ್ಟಿದ್ದಾನೆಂದು ಈಗ ತಾನೇ ಅಂಗೈ ಕೆಂಪಗಾಗುವಷ್ಟು ಚಪ್ಪಾಳೆ ತಟ್ಟಿದ್ದ ಮಂದಿ, ಬಿಟ್ಟದ್ದು ಹೆಂಗಸು ಎಂದ ಕೂಡಲೇ ಉಗುಳು ನುಂಗಲಾರದೆ ಕೂತರು. ಥೂ! ಬಿಟ್ಟದ್ದು ಅದೇ ಸಾರಾಯಿ, ಪಟ್ಟದ್ದು ಅದೇ ಪಾಡು.

ಅಂದಾನೆಪ್ಪನವರ ಮುಖ ಕಪ್ಪಿಟ್ಟಿತು. ಮೈಕಿಗೆ ಅಂಗೈ ಅಡ್ಡ ಹಿಡಿದು, "ಇಂಥಾದ್ದನ್ನೆಲ್ಲ ಸಭಾದಾಗ ಆಡಬಾರದವಾ" ಎಂದರು. ಡಾಕಪ್ಪನ ಹೆಗಲಿನಿಂದ ಶಾಲು ಎಳೆದು, ಅಂಗಡಿಯಲ್ಲಿ ಮಡಿಚುವಷ್ಟೇ ನೀಟಾಗಿ ಮಡಿಚಿ ಕಂಕುಳಲ್ಲಿ ಇಟ್ಟುಕೊಂಡರು.

ಸುರೇಖಾ ವೇದಿಕೆಯ ಕೆಳಗೆ ಬಂದು ನಿಂತಿದ್ದಳು. "ಬಿಟ್ಟಾಕಿ ಆಕಿ. ಶಾಲು ಆಕಿಗೆ ಹಾಕ್ರಿ."

"ಮೇಡಂ, ಮರ್ಯಾದಸ್ತರು ಕುಂತಾರ ಇಲ್ಲಿ."

ಸುರೇಖಾ ತಿರುಗಿ ಸಭೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. "ಎಲ್ಲದಾರ್ರಿ?" ಎಂದಳು. ಅಲ್ಲಿಗೆ ಅವಳ ನೌಕರಿಯೂ ಮುಗಿಯಿತು.

ಮೂವರೂ ನಡೆದು ಹಾವೇರಿ ಬಸ್ ನಿಲ್ದಾಣಕ್ಕೆ ಬಂದರು. ಬ್ಯಾಡಗಿ ಬಸ್ಸು ಬಂದಿರಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತ ಹೊಳಿಯವ್ವನ ಕೈಗಳು ಮಡಿಲಲ್ಲಿ ನಡುಗುತ್ತಿದ್ದವು. ಅವಳ ಮುಖ ನೋಡಿ ಸುರೇಖಾಳಿಗೆ ಹೆದರಿಕೆಯಾಯಿತು.

"ಅಕ್ಕಾರ, ಇವತ್ತ ಭಾಳ ಬೇಕನಸಾಕತ್ತೈತ್ರಿ."

ಸುರೇಖಾ ಧಾರವಾಡದಲ್ಲಿ ಓದಿದ್ದು ಯಾವುದೂ ಉಪಯೋಗಕ್ಕೆ ಬರುವ ಹಾಗಿರಲಿಲ್ಲ. ಇಲ್ಲಿ ತೋರಿಸಲು ಮೆಣಸಿನಕಾಯಿಯ ರಾಶಿಯೂ ಇರಲಿಲ್ಲ. ರಸ್ತೆಯಾಚೆ ಮದ್ಯದಂಗಡಿಯ ಬೋರ್ಡು ಕಾಣುತ್ತಿತ್ತು. ಡಾಕಪ್ಪ ಒಮ್ಮೆ ಹೆಂಡತಿಯ ಕೈಗಳನ್ನು ನೋಡಿದ, ಒಮ್ಮೆ ಆ ಬೋರ್ಡನ್ನು ನೋಡಿದ, ಹೆಗಲ ವಸ್ತ್ರ ಸರಿಮಾಡಿಕೊಂಡು ಎದ್ದ.

"ಒಂದ ತರ್ತೇನಿ. ಇವತ್ತೊಂದಿನ" ಎಂದ. ಅವಳ ಸಂಕಟಕ್ಕೆ ಅವನಿಗೆ ಗೊತ್ತಿದ್ದದ್ದು ಅದೊಂದೇ ದಾರಿ.

ಬೈಯಲು ಸುರೇಖಾಳಿಗೆ ಮನಸ್ಸಾಗಲಿಲ್ಲ. ಆ ದಿನ ಕಂಡ ಅಷ್ಟೂ ಗಂಡಸರಲ್ಲಿ ಅವಳಿಗೆ ತಾತ್ಸಾರ ಮಾಡಲು ಆಗದವನು ಅವನೊಬ್ಬನೇ.

ಹೊಳಿಯವ್ವ ಕೈ ಚಾಚಿ ಗಂಡನ ಅಂಗಿಯ ಚುಂಗು ಹಿಡಿದಳು.

"ಕುಂದರ್ರಿ" ಎಂದಳು. "ಬಸ್ಸು ಬರೂತನಕ ತಡೀತೇನಿ."

ಡಾಕಪ್ಪ ಕೂತ. ಬಸ್ಸು ಬಹಳ ತಡವಾಗಿ ಬಂತು. ಬರುವವರೆಗೂ ಅವಳು ಅಂಗಿ ಬಿಡಲಿಲ್ಲ.