ಹೆಸರು ಹಿಡಿದು ಕರೆಯುವ ಕಲ್ಲುಗಳು

ಮೂಡಿಗೆರೆ ಆಸ್ಪತ್ರೆಯಲ್ಲಿ ಹಲ್ಲು ಕೀಳಿಸಿಕೊಂಡು, ಬಾಯಲ್ಲಿ ಹತ್ತಿ ಕಚ್ಚಿಕೊಂಡು ಜಾವಳಿ ಬಸ್ಸಿನಿಂದ ಇಳಿದು ಬಂದವಳಿಗೆ ಅಂಗಳದಲ್ಲಿ ಎದುರಾದದ್ದು ಅಳುತ್ತ ನಿಂತಿದ್ದ ನಮ್ಮತ್ತೆ.

"ಕೂಸು ಮಧ್ಯಾಹ್ನಾನೇ ನಿನ್ನ ಬಸ್ಸು ನೋಡ್ತೀನಿ ಅಂತ ಕಲ್ಲಿನ ಗುಡ್ಡಕ್ಕೆ ಹೋಯ್ತು ಕಣೆ. ಹಿಂದೇನೇ ಮಂಜು ಕವುಚ್ಕೊಳ್ತು. ಗಂಡಸ್ರೆಲ್ಲ ಹುಡುಕ್ತಾ ಇದಾರೆ."

ತೊಂಬತ್ತರ ದಶಕದ ಕೊನೆಯ ಮಾತಿದು. ಮಗಳಿಗಾಗ ಏಳು ವರ್ಷ. ನಮ್ಮ ಗುಡ್ಡದ ದೇವಿ ಚೌಡಮ್ಮನನ್ನು ನಂಬಿದ ನಿಮಗೂ ಹೇಳದೆ ಇಷ್ಟು ಕಾಲ ಇಟ್ಟುಕೊಂಡಿದ್ದೆ, ಇವತ್ತು ಹೇಳಿಬಿಡುತ್ತೇನೆ.

ನಮ್ಮ ತೋಟದ ಮೇಲಿನ ಗುಡ್ಡದಲ್ಲಿ ಯಾರೂ ಕೆತ್ತದ, ಯಾರೂ ನೆಡದ ಕಲ್ಲಿನ ಕಂಬಗಳಿವೆ. ಹಿಂದೊಂದು ಮದುವೆ ದಿಬ್ಬಣ ಅಲ್ಲಿ ಮಂಜಿನಲ್ಲಿ ದಾರಿ ತಪ್ಪಿತಂತೆ. ಯಾರೋ ಹೆಸರು ಹಿಡಿದು ಕರೆದರಂತೆ. 'ಓ' ಎಂದವರೆಲ್ಲ ನಿಂತಲ್ಲೇ ಕಲ್ಲಾದರಂತೆ. ಈಗ ಆ ಕಲ್ಲುಗಳೇ ಕರೆಯುತ್ತವೆ, ಅಲ್ಲಿ ಹೆಸರು ಕೇಳಿದರೆ ಓಗೊಡಬಾರದು ಎನ್ನುತ್ತಾರೆ. ಅತ್ತೆ ಮೊಮ್ಮಗಳಿಗೆ ಅನ್ನದ ಜೊತೆ ಇದನ್ನೂ ಉಣ್ಣಿಸಿದ್ದರು. "ಮಗೂನ ಹೆದರಿಸ್ಬೇಡಿ ಅತ್ತೆ" ಎಂದು ನಾನು ಎಷ್ಟೋ ಸಲ ಜಗಳವಾಡಿದ್ದೆ.

ಒಂದೇ ಉಸಿರಿಗೆ ಗುಡ್ಡ ಹತ್ತಿದೆ. ಕೈ ಚಾಚಿದರೆ ಕೈ ಕಾಣದ ಮಂಜು. ಹೆತ್ತ ಕರುಳು ಕೇಳುತ್ತದೆಯೇ? ಹೆಸರು ಹಿಡಿದು ಕೂಗಿದೆ. ಹತ್ತಿ ತುಂಬಿದ ಬಾಯಿಂದ ನನ್ನದಲ್ಲದ ದನಿ ಹೊರಟಿತು. ಕಲ್ಲುಗಳು ಅದನ್ನೇ ಮರಳಿಸಿದವು, ಮಗಳು ಮಾತ್ರ ಓಗೊಡಲಿಲ್ಲ. ಕೊನೆಯ ಕಂಬದ ಬುಡದಲ್ಲಿ ಬಾರು ಕಿತ್ತ ಅವಳ ಹೊಸ ಚಪ್ಪಲಿ ಸಿಕ್ಕಿತು. ಅದರಾಚೆ ಪ್ರಪಾತ.

ಅಲ್ಲೇ ಚೌಡಮ್ಮನ ಕುಂಕುಮ ಹಚ್ಚಿದ ಕಲ್ಲಿದೆಯಲ್ಲ, ಅದರೆದುರು ಕುಸಿದೆ. ಸ್ತೋತ್ರಗೀತ್ರ ಒಂದೂ ನೆನಪಾಗಲಿಲ್ಲ. ಹತ್ತಿ ಉಗುಳಿ ಜಗಳಕ್ಕೇ ಇಳಿದೆ.

"ಅಲ್ಲ ಕಣೆ ತಾಯಿ, ನಿಂಗೆ ಕರುಳಿಲ್ವಾ? ಬೆಳಿಗ್ಗೆ ಹಾಗಲಕಾಯಿ ಪಲ್ಯ ಬೇಡ ಅಂದಿದ್ದಕ್ಕೆ ಬೈದು ಹೋದೆ. ಹಸ್ಕೊಂಡಿದೆ ಕೂಸು. ಅದನ್ನ ಕೊಟ್ಬಿಡು ನಂಗೆ. ಈ ಜನ್ಮದಲ್ಲಿ ಇನ್ನು ಹಾಗಲಕಾಯಿ ತಿನ್ನು ಅನ್ನಲ್ಲ, ನಿನ್ನಾಣೆ!"

ಎರಡು ಕಂಬಗಳ ಸಂದಿಯಿಂದ ಸಣ್ಣ ದನಿಯೊಂದು ಬಂತು.

"ನಿಜವಾಗ್ಲೂನಾ ಅಮ್ಮ?"

ಎಳೆದು ತಬ್ಬಿಕೊಂಡೆ. "ಅಷ್ಟು ಕೂಗಿದ್ರೂ ಓ ಅನ್ನಕ್ಕೆ ಏನಾಗಿತ್ತೇ ಮಾರಾಯ್ತಿ ನಿಂಗೆ?"

"ಹೆಸರು ಕರೆದ್ರೆ ಓ ಅನ್ಬಾರ್ದು ಅಂತ ಅಜ್ಜಿ ಹೇಳಿದಾರೆ. ಹಾಗಲಕಾಯಿ ವಿಷ್ಯ ಕಲ್ಲಿಗೆ ಗೊತ್ತಿರಲ್ವಲ್ಲ, ಅದಕ್ಕೆ ನೀನೇ ಅಂತ ಗೊತ್ತಾಯ್ತು."

ನಗುತ್ತ, ಅಳುತ್ತ, ಅವಳನ್ನು ಸೊಂಟಕ್ಕೇರಿಸಿಕೊಂಡು ಇಳಿದೆ. ಅರ್ಧ ದಾರಿಯಲ್ಲಿ ಅವಳು ಕಿವಿಯಲ್ಲಿ ಪಿಸುಗುಟ್ಟಿದಳು.

"ಈಗ ಕೂಗಿದ್ದು ನಿನ್ನ ಥರ ಇರ್ಲಿಲ್ಲಮ್ಮ. ಮಧ್ಯಾಹ್ನ ಬಾ ಬಾ ಅಂತ ಕರೀತಿದ್ಯಲ್ಲ, ಅದು ಸರಿಯಾಗಿ ನಿನ್ನ ದನೀನೇ. ಎದ್ದು ಹೊರಟೂ ಬಿಟ್ಟಿದ್ದೆ. ಚಪ್ಪಲಿ ಕಿತ್ಹೋಯ್ತು, ಆಮೇಲೆ ಅಜ್ಜಿ ಮಾತು ನೆನಪಾಯ್ತು."

"ಯಾವ ಕಡೆಯಿಂದ ಕರೆದಿದ್ದು?"

ಅವಳು ಪ್ರಪಾತದ ಕಡೆ ಕೈ ತೋರಿಸಿದಳು. ಮಧ್ಯಾಹ್ನ ನಾನು ಮೂಡಿಗೆರೆಯಲ್ಲಿ ಡಾಕ್ಟರ ಮುಂದೆ ಬಾಯಿ ತೆರೆದು ಕೂತಿದ್ದೆ.

ಹೊಸ ಚಪ್ಪಲಿಯ ಬಾರು ಕಿತ್ತವಳು ಚೌಡಮ್ಮನೇ. ನನ್ನ ಕೂಗಿಗೆ ಓಗೊಡದ ಮಗು ನನ್ನ ಹರಕೆಗೆ ಓಗೊಟ್ಟಿತು. ಅದೂ ಅವಳದೇ ಕೃಪೆ. ಅಂದಿನಿಂದ ನಮ್ಮ ಮನೆಯಲ್ಲಿ ಹಾಗಲಕಾಯಿ ಬೇಯಿಸಿಲ್ಲ. ಕಲ್ಲಿನ ಕತೆಯ ವಿಷಯಕ್ಕೆ ಅತ್ತೆಯೊಡನೆ ಮತ್ತೆ ಜಗಳವಾಡಿಲ್ಲ. ಜಗಳಕ್ಕೆ ಬೇರೆ ವಿಷಯಗಳಿಗೇನೂ ಬರವಿರಲಿಲ್ಲ.

ಮಗಳೀಗ ಚಿಕ್ಕಮಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಮಂಜು ಕವಿದ ಮಧ್ಯಾಹ್ನಗಳಲ್ಲಿ ಗುಡ್ಡದ ಮೇಲಿಂದ ಇವತ್ತಿಗೂ ಅವಳ ಹೆಸರು ಕೇಳುತ್ತದೆ, ನನ್ನದೇ ದನಿಯಲ್ಲಿ. ಚೌಡಮ್ಮನಿಗೆ ದೀಪ ಹಚ್ಚಿ ಕೂರುತ್ತೇನೆ. ಅವಳಿರುವಾಗ ನನಗೆ ಹೆದರಿಕೆಯಿಲ್ಲ.

ಆದರೂ ಇಲ್ಲಿ ಮಗಳ ಹೆಸರು ಬರೆದಿಲ್ಲ, ಗಮನಿಸಿರುತ್ತೀರಿ. ನಿಮ್ಮಲ್ಲಿ ಯಾರಾದರೂ ಇದನ್ನು ಗಟ್ಟಿಯಾಗಿ ಓದಿಬಿಟ್ಟರೆ?