ಅಲುಗಾಡದ ಸ್ಟೂಲು

ಬೀದಿಯವರಿಗೆಲ್ಲ ಅವಳು ಜಿಪ್ ಅಕ್ಕ. ಪ್ಯಾಂಟಿನದಿರಲಿ, ಶಾಲೆಯ ಬ್ಯಾಗಿನದಿರಲಿ, ಹಲ್ಲು ಕಚ್ಚದೆ ಬಾಯಿ ಬಿಟ್ಟ ಜಿಪ್ಪು ಅವಳ ಕೈಗೆ ಬಂದರೆ ತೆಪ್ಪಗೆ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಹೊರಕೋಣೆಯ ಕಿಟಕಿ ಪಕ್ಕ ಹೊಲಿಗೆ ಮಿಷನ್ನು, ಹಿಂದೆ ಅಡುಗೆಮನೆ. ಅವಳ ದಿನವೆಲ್ಲ ಇವೆರಡರ ನಡುವೆಯೇ ಸವೆಯುತ್ತಿತ್ತು.

ಅಡುಗೆಮನೆಯಲ್ಲಿ ಒಂದು ಸ್ಟೂಲಿತ್ತು. ಅದರ ನಾಲ್ಕು ಕಾಲುಗಳಲ್ಲಿ ಒಂದು ನೆಲಕ್ಕೆ ತಾಗುತ್ತಲೇ ಇರಲಿಲ್ಲ. ಅದರಡಿ ರಟ್ಟು ಮಡಚಿ ಇಟ್ಟಿದ್ದಳು. ನೀರಿನ ಪೈಪಿನ ವಾಲ್ವು ಗೋಡೆಯ ಮೇಲ್ತುದಿಯಲ್ಲಿತ್ತು. ನೀರು ಬಿಡಲು ಹತ್ತಬೇಕು, ನಿಲ್ಲಿಸಲು ಹತ್ತಬೇಕು, ಮೇಲಿನ ಡಬ್ಬಿ ಬೇಕೆಂದರೆ ಮತ್ತೆ ಹತ್ತಬೇಕು. ಎಡಗೈಯಲ್ಲಿ ಶೆಲ್ಫಿನ ಅಂಚು, ಎದೆಯಲ್ಲಿ ಬಿಗಿ ಹಿಡಿದ ಉಸಿರು, ಬಲಗೈಯಲ್ಲಿ ಕೆಲಸ. ಹೋದ ಮಳೆಗಾಲದಲ್ಲಿ ಒಂದು ದಿನ ಆ ಅಂಚು ತೇವವಾಗಿತ್ತು. ಕೈ ಜಾರಿತು, ಬಿದ್ದಳು. ಬಲ ಮಣಿಕಟ್ಟು ಬಿರುಕು ಬಿಟ್ಟಿತು. ಪಟ್ಟಿ ಬಿಚ್ಚಿದ ದಿನ ಡಾಕ್ಟರಮ್ಮ ಖಂಡತುಂಡವಾಗಿ ಹೇಳಿದ್ದರು: "ಈ ಸಲ ಕೂಡಿಕೊಳ್ತು. ಇನ್ನೊಂದು ಸಲ ಬಿದ್ರೆ ಮಿಷನ್ ಆಸೆ ಬಿಟ್ಟುಬಿಡಿ."

ಅವಳು ಗಂಡನ ಹತ್ತಿರ ಗಟ್ಟಿ ಸ್ಟೂಲು ಕೇಳಿದಳು. ಗಂಡನಿಗೆ ಮನೆಸಾಮಾನಿನ ದೊಡ್ಡ ಅಂಗಡಿಯಲ್ಲಿ ಸೇಲ್ಸ್ ಕೆಲಸ. ಸರಿಯಿಲ್ಲವೆಂದು ಗಿರಾಕಿಗಳು ವಾಪಸ್ ತಂದ ಮಾಲು ಅಲ್ಲಿನ ಕೆಲಸದವರಿಗೆ ಅಗ್ಗಕ್ಕೆ ಸಿಗುತ್ತಿತ್ತು. ಹಿಡಿ ಸಡಿಲಾದ ಚಾಕು, ಮುಚ್ಚಳ ಸೊಟ್ಟಗಾದ ಕುಕ್ಕರು, ಹಿಂಡಿದರೆ ನೀರಿಗಿಂತ ನಾರನ್ನೇ ಹೆಚ್ಚು ಬಿಡುವ ನೆಲ ಒರೆಸುವ ಮಾಪು, ಎಲ್ಲ ಆ ದಾರಿಯಲ್ಲೇ ಅವಳ ಅಡುಗೆಮನೆ ಸೇರಿದ್ದವು. ಆ ಕುಂಟು ಸ್ಟೂಲೂ ಹಾಗೇ ಬಂದದ್ದು.

"ಒಳಗಿನ ಸಾಮಾನು ಯಾರು ನೋಡ್ತಾರೆ? ನಾಲ್ಕು ಜನ ಬಂದು ಕೂರೋ ಕಡೆ ದುಡ್ಡು ಹಾಕ್ಬೇಕು," ಎಂದ ಗಂಡ. "ಹುಷಾರಾಗಿ ಹತ್ತಿದ್ರೆ ಯಾವ ಸ್ಟೂಲಾದ್ರೂ ಗಟ್ಟೀನೇ."

ಅತ್ತೆ ದನಿಗೂಡಿಸಿದರು: "ನಾನು ಇದಕ್ಕಿಂತ ಹಾಳಾದ್ದನ್ನ ಹತ್ತಿ ಇಳಿದು ಸಂಸಾರ ಮಾಡ್ಲಿಲ್ವಾ? ನನ್ನ ಮೂಳೆಯೆಲ್ಲ ಇದ್ದಲ್ಲೇ ಇದೆ."

ಅಡುಗೆಮನೆಗೆ ಕಾಲಿಡದ ಗಂಡಸಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು ಎಂದು ಅವಳು ಸಮಾಧಾನ ಮಾಡಿಕೊಂಡಳು. ಗೊತ್ತಿಲ್ಲದವನ ಮೇಲೆ ಸಿಟ್ಟು ಮಾಡಿ ಏನು ಬಂತು? ರಟ್ಟಿನ ತುಂಡಿನ ಮೇಲೆ ಸ್ಟೂಲು ನಿಂತ ಹಾಗೆ ಅವಳ ಸಂಸಾರ ಆ ಸಮಾಧಾನದ ಮೇಲೆ ನಿಂತಿತ್ತು.

ಈ ಸಲ ಹೊರಕೋಣೆಗೆ ಒಂದು ಕುರ್ಚಿ ಬರುವುದಿತ್ತು. ಹಿಂದಕ್ಕೆ ಒರಗಿದರೆ ಕಾಲು ತಾನೇ ಮೇಲೇಳುವಂಥ ಮೆತ್ತನೆಯ ಕುರ್ಚಿ. ಅವನ ಸಂಬಳ, ಅವಳ ಹೊಲಿಗೆಯ ಗಳಿಕೆ, ಎರಡೂ ಕೂಡಿ ಅದಕ್ಕೇ ಹೋಗಿದ್ದವು. ಮಧ್ಯಾಹ್ನ ಅಂಗಡಿಯ ವ್ಯಾನಿನಲ್ಲಿ ಬರುತ್ತದೆ, ಬಾಗಿಲ ಅಗಲ ನೋಡಿಟ್ಟಿರು ಎಂದು ಹೇಳಿಹೋಗಿದ್ದ. ಅವಳು ಹೊಲಿಗೆಯ ಟೇಪು ಹಿಡಿದು ಅಳೆದಳು. ಕುರ್ಚಿ ಒಳಗೆ ಹೋಗುವ ಮಾತೇ ಇರಲಿಲ್ಲ. ಫೋನು ಮಾಡಿದರೆ ಅವನು ಎತ್ತಲಿಲ್ಲ. ಕೆಲಸದ ಹೊತ್ತಿನಲ್ಲಿ ಫೋನು ಮುಟ್ಟುವಂತಿರಲಿಲ್ಲ. ಮನೆಯವರು ಅಂಗಡಿಗೆ ಬಂದರೆ ಓನರ್ ಮುಖ ಸಿಂಡರಿಸುತ್ತಾರೆ ಎಂದು ಅವನು ಯಾವತ್ತೂ ಹೇಳುತ್ತಿದ್ದ. ಆದರೂ ವ್ಯಾನು ಹೊರಡುವುದರೊಳಗೆ ಹೇಳಲೇಬೇಕಲ್ಲ ಎಂದು ಚಪ್ಪಲಿ ಮೆಟ್ಟಿದಳು.

ಅಂಗಡಿಯ ಬಿಲ್ ಕೌಂಟರಿನ ಹುಡುಗಿಯ ಹತ್ತಿರ ಹೋಗಿ ಗಂಡನನ್ನು ಕೇಳಿದಳು.

"ಓ, ಮೇಷ್ಟ್ರಾ? ಅಲ್ಲಿ, ಬಕೆಟ್‌ಗಳ ಹಿಂದೆ ಪಾಠ ನಡೀತಿದೆ. ನೀವು?"

"ಅವರ ಮನೆಯವಳು."

ಹುಡುಗಿಯ ಮುಖ ಅರಳಿತು. "ಅಯ್ಯೋ ಅಕ್ಕಾ! ಸ್ಟೂಲಿಂದ ಬಿದ್ದವರು ನೀವೇನಾ? ಕೈ ಹೇಗಿದೆ ಈಗ?"

ತನ್ನ ಕೈಯ ಸುದ್ದಿ ಈ ಗುರುತಿಲ್ಲದ ಹುಡುಗಿಗೆ ಹೇಗೆ ಗೊತ್ತು? ಅವಳು ಪಿಳಿಪಿಳಿ ಕಣ್ಣು ಬಿಟ್ಟು, ಹೇಗೋ ತಲೆಯಾಡಿಸಿ, ಬಕೆಟ್‌ಗಳ ಸಾಲಿನತ್ತ ನಡೆದಳು. ಗಂಡನ ದನಿ ಕೇಳಿ ಅಲ್ಲೇ ನಿಂತಳು. ಅವನ ಎದುರು ಹೊಸದಾಗಿ ಮನೆ ಹೂಡುತ್ತಿದ್ದ ಜೋಡಿಯೊಂದಿತ್ತು.

"ಸೋಫಾದಲ್ಲಿ ಉಳಿಸಿ ಮೇಡಂ, ಪರದೆಯಲ್ಲಿ ಉಳಿಸಿ. ದಿನಾ ಕೈಗೆ ಕಾಲಿಗೆ ಸಿಗೋ ಸಾಮಾನಲ್ಲಿ ಉಳಿಸಬೇಡಿ. ಅಗ್ಗದ ಚಾಕು ತಂದು ಉಳಿಸಿದ ದುಡ್ಡನ್ನ ಯಾರದೋ ಮಣಿಕಟ್ಟು ತೆರಬೇಕಾಗುತ್ತೆ. ಎಲ್ಲಿ, ಕಣ್ಣು ಮುಚ್ಕೊಂಡು ಈ ಸ್ಟೂಲ್ ಹತ್ತಿ. ಭಯ ಆಗ್ತಿದೆಯಾ?"

"ಇಲ್ಲ," ಎಂದಳು ಜೋಡಿಯ ಹುಡುಗಿ ಸ್ಟೂಲಿನ ಮೇಲಿನಿಂದ.

"ಅಷ್ಟೇ ನೋಡಿ. ಭಯ ಆಗದೇ ಇರೋದಕ್ಕೇ ದುಡ್ಡು."

ಅವಳ ಜೊತೆಗಾರ ಗೊಣಗಿದ: "ಬರೀ ಸ್ಟೂಲಿಗೆ ಇಷ್ಟೊಂದಾ?"

ಗಂಡ ದನಿ ತಗ್ಗಿಸಿದ. "ಹೊರಗಿನವರ ವಿಷ್ಯ ಬಿಡಿ ಸರ್. ನಮ್ಮನೆಯವಳೇ ಬಿದ್ಲು. ಮಣಿಕಟ್ಟು ಬಿರುಕು ಬಿಡ್ತು. ಹೊಲಿಗೆ ಕೆಲಸದವಳು, ಕೈಯೇ ಅವಳ ಅನ್ನ. ಅವತ್ತು ಸಾಯಂಕಾಲಾನೇ ಇದನ್ನ ಹೊತ್ಕೊಂಡು ಹೋಗಿ ಅಡುಗೆಮನೇಲಿ ಇಟ್ಟೆ. ಹೆಂಡ್ತಿ ಕೈಗಿಂತ ದುಡ್ಡು ದೊಡ್ಡದಾ ಸರ್?"

ಕೊನೆಯ ಮಾತಿಗೆ ಅವನ ಗಂಟಲು ಚೂರು ಕಟ್ಟಿತು. ದಿನವೂ ಅದೇ ಮಾತಿಗೆ, ಅಷ್ಟೇ ಹದವಾಗಿ ಕಟ್ಟುತ್ತಿರಬೇಕು.

ಜಿಪ್ ಅಕ್ಕನ ಕೈ ತಾನಾಗಿ ಬಕೆಟ್ ಸಾಲನ್ನು ಹಿಡಿಯಿತು. ಇವನಿಗೆ ಗೊತ್ತಿದೆ! ಚಾಕು ಗೊತ್ತು, ಕುಕ್ಕರು ಗೊತ್ತು, ಸ್ಟೂಲಿನ ಮೇಲೆ ನಿಂತವಳ ಭಯವೂ ಗೊತ್ತು. ಒಲೆಯ ಮುಂದೆ ನಿಂತು ಎಷ್ಟು ತಡಕಿದರೂ ಅವಳಿಗೆ ಸಿಗದ ಮಾತೆಲ್ಲ ಇವನ ನಾಲಿಗೆಯ ತುದಿಯಲ್ಲೇ ಇದೆ. ಮನೆಗೆ ಬರುವಾಗ ಮಾತ್ರ ಅದನ್ನು ಅಂಗಡಿಯಲ್ಲೇ ಬಿಟ್ಟು ಬರುತ್ತಾನೆ. ಅವಳು ಬಿದ್ದದ್ದೂ ಇಲ್ಲಿ ವ್ಯಾಪಾರದ ಮಾಲು.

ಅವಳು ಈಚೆ ಬಂದಳು. ಗಂಡನ ಮುಖ ಹುಳ್ಳಗಾಯಿತು.

"ನೀನ್ಯಾಕೆ ಬಂದೆ?"

"ಬಾಗಿಲ ಅಳತೆ ಹೇಳೋಕೆ."

"ಇವರೇನಾ?" ಎಂದು ಆ ಹುಡುಗಿ ಸ್ಟೂಲಿನಿಂದಿಳಿದು, ಕನಿಕರದಿಂದ ಅವಳ ಮಣಿಕಟ್ಟು ನೋಡಿದಳು. ಜಿಪ್ ಅಕ್ಕ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಸ್ಟೂಲು ಹತ್ತಿದಳು. ಅದು ಬಂಡೆಯ ಹಾಗೆ ನಿಂತಿತ್ತು.

ಇಳಿದು ಹೇಳಿದಳು: "ರೀ, ಕುರ್ಚಿ ನಮ್ಮ ಬಾಗಿಲಲ್ಲಿ ಹಿಡಿಸಲ್ಲ. ಅದನ್ನ ರದ್ದು ಮಾಡಿಸಿ. ಅದರ ಬದಲು ಈ ಸ್ಟೂಲ್ ಬಿಲ್ಲಿಗೆ ಹಾಕ್ಸಿ. ಒಂದು ಕುಕ್ಕರ್, ಒಂದು ಚಾಕು, ಒಂದು ಮಾಪು. ವಾಪಸ್ ಬಂದಿದ್ದಲ್ಲ, ಹೊಸದು."

ಮಾತು ಕೇಳಿ ಅಲ್ಲಿಗೇ ಬಂದಿದ್ದ ಕೌಂಟರಿನ ಹುಡುಗಿ ನಕ್ಕಳು. "ಅಕ್ಕಾ, ಇದು ನಿಮ್ಮನೇಲಿ ಆಗ್ಲೇ ಒಂದಿದೆಯಲ್ಲ?"

"ಅದು ನಿಮ್ಮ ಮೇಷ್ಟ್ರ ಬಾಯಲ್ಲಿದೆ. ಮನೇಲಿಲ್ಲ."

"ತಮಾಷೆ ಮಾಡ್ತಾಳೆ," ಎಂದು ಗಂಡ ಹಲ್ಲು ಕಿರಿದ. ಯಾರೂ ನಗಲಿಲ್ಲ. ಹೊಸ ಮನೆಯ ಹುಡುಗಿ ಸ್ಟೂಲನ್ನು ಬಿಟ್ಟು ತನ್ನ ಜೊತೆಗಾರನನ್ನೇ ಅಡಿಯಿಂದ ಮುಡಿಯವರೆಗೆ ನೋಡತೊಡಗಿದಳು.

ಬಿಲ್ಲು ಬರೆಸುವಾಗ ಗಂಡ ಹಲ್ಲು ಕಚ್ಚಿ ಪಿಸುಗುಟ್ಟಿದ: "ನಾಲ್ಕು ಜನರ ಮುಂದೆ ನನ್ನ ಮಾನ ಕಳೆದೆ."

"ಬಿದ್ದವಳು ನಾನು ಕಣ್ರೀ," ಎಂದಳು. ದನಿ ಏರಲಿಲ್ಲ.

ಸಂಜೆ ನೀರು ಬರುವ ಹೊತ್ತಿಗೆ ಹಳೆಯ ಸ್ಟೂಲು ಹಿತ್ತಿಲು ಸೇರಿತ್ತು. ಹೊಸದರ ನಾಲ್ಕೂ ಮೂಲೆಯನ್ನು ಅತ್ತೆ ಅಂಗೈಯಿಂದ ಒತ್ತೊತ್ತಿ ನೋಡಿದರು. ಸೊಸೆ ಹತ್ತಿ ವಾಲ್ವು ತಿರುಗಿಸಿದಳು.

"ಅಲುಗಾಡಲ್ವೇನೇ?"

"ಇಲ್ಲ ಅತ್ತೆ."

"ಒಂಚೂರೂ?"

"ಒಂಚೂರೂ ಇಲ್ಲ."

ಇಂಥದ್ದೊಂದು ಇರಬಹುದೆಂದು ಯಾರೂ ತನಗೆ ಹೇಳಿಯೇ ಇರಲಿಲ್ಲವೆಂಬಂತೆ ಅತ್ತೆ ಬಾಯಿ ತೆರೆದು ನಿಂತರು. ಆಮೇಲೆ ಕೇಳಿದರು:

"ಮತ್ತೆ ಶೆಲ್ಫ್ ಯಾಕೆ ಹಿಡ್ಕೊಂಡಿದೀಯ?"

ಅವಳು ತಿರುಗಿ ನೋಡಿದಳು. ಎಡಗೈ ಶೆಲ್ಫಿನ ಅಂಚನ್ನು ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಗೆಣ್ಣುಗಳು ಬಿಳಿಚಿದ್ದವು. ಬಿಡು ಎಂದು ಕೈಗೆ ಹೇಳಿದಳು. ಅದು ಬಿಡಲಿಲ್ಲ.